ಕಾರ್ಬನ್ ಪ್ಲೇಟ್ ಶೂ: ರೇಸಿಗೆ ಯಾವುದು, ದಿನದ ಓಟಕ್ಕೆ ಯಾವುದು?



ಕಳೆದ ವಾರ ದಾವಣಗೆರೆಯಿಂದ ಒಬ್ಬ ಹುಡುಗ ವಾಯ್ಸ್ ನೋಟ್ ಕಳಿಸಿದ್ದ. ವಯಸ್ಸು 23. ಮೊದಲ ಕೆಲಸ, ಕೈಗೆ ಬರೋ ಸಂಬಳ 26 ಸಾವಿರ. ಬೆಳಿಗ್ಗೆ ಕುಂದವಾಡ ಕೆರೆ ಕಡೆ ಓಡ್ತಾನೆ. ಅವನ ಮಾತಲ್ಲೇ ಹೇಳ್ತೀನಿ: "ಅಣ್ಣ, ಬೆಂಗಳೂರಲ್ಲಿ ಹಾಫ್ ಮ್ಯಾರಥಾನ್‌ಗೆ ರಿಜಿಸ್ಟರ್ ಮಾಡಿದೀನಿ. ಇದೇ ಫಸ್ಟು. ಇನ್ನೂ ನಾಲ್ಕು ತಿಂಗಳಿದೆ. 2 ಗಂಟೆ 15 ನಿಮಿಷದಲ್ಲಿ ಮುಗಿಸ್ಬೇಕು ಅಂತ ಆಸೆ. ಈಗ ಹಾಕ್ತಿರೋದು ಜಿಮ್ ಶೂ. ಕಾರ್ಬನ್ ಪ್ಲೇಟ್ ಶೂ 22 ಸಾವಿರ ಇದೆ, ಆರು ತಿಂಗಳ ಇಎಂಐ ಸಿಗ್ತಿದೆ. ಪ್ರಾಕ್ಟೀಸಿಗೂ ಅದೇ, ರೇಸಿಗೂ ಅದೇ ಆಗುತ್ತೆ ಅಲ್ವಾ? ತಗೊಳ್ಳಲಾ?"

ಉತ್ತರ ಮೊದಲೇ ಹೇಳಿಬಿಡ್ತೀನಿ, ತಮ್ಮಾ: ತಗೋಬೇಡ. ಕನಿಷ್ಠ ಈಗಲೇ, ಒಂದೇ ಜೊತೆಯಾಗಿ ತಗೋಬೇಡ. ಯಾಕೆ ಅನ್ನೋದೇ ಇವತ್ತಿನ ಎಪಿಸೋಡ್.

ಮೊದಲು ನನ್ನ ಕಥೆ

ನಾನು ಡಾಕ್ಟರಲ್ಲ, ಕೋಚ್ ಅಲ್ಲ. ಬಿ.ಕಾಂ. ಓದಿದವನು, ಹವ್ಯಾಸಕ್ಕೆ ಓಡೋನು. ಎರಡು ವರ್ಷದ ಹಿಂದೆ ಬೆಂಗಳೂರಿನ ಒಂದು 10ಕೆ ಓಟಕ್ಕೆ ತಯಾರಿ ನಡೆಸಿದ್ದೆ. ಆಫೀಸಲ್ಲಿ ಬೋನಸ್ ಬಂತು, ಸೇಲ್‌ನಲ್ಲಿ ಒಂದು ಕಾರ್ಬನ್ ಪ್ಲೇಟ್ ಶೂ ತಗೊಂಡೆ. ಮೊದಲ ದಿನ ಕಬ್ಬನ್ ಪಾರ್ಕಲ್ಲಿ ಹಾಕ್ಕೊಂಡು ಓಡಿದಾಗ ಆದ ಖುಷಿ ಇನ್ನೂ ನೆನಪಿದೆ. ಯಾರೋ ಹಿಂದಿನಿಂದ ತಳ್ತಾ ಇದ್ದಾರೆ ಅನ್ನಿಸ್ತು. ಅಷ್ಟು ದುಡ್ಡು ಕೊಟ್ಟಿದೀನಿ, ಕಪಾಟಲ್ಲಿ ಇಡೋಕಾ? ದಿನಾ ಅದನ್ನೇ ಹಾಕೋಕೆ ಶುರು ಮಾಡಿದೆ. ಈಸಿ ರನ್‌ಗೂ ಅದೇ, ಲಾಂಗ್ ರನ್‌ಗೂ ಅದೇ.

ಐದನೇ ವಾರ ಮೀನಖಂಡ ಬಿಗಿಯಾಯ್ತು. ಆರನೇ ವಾರ ಬೆಳಿಗ್ಗೆ ಎದ್ದು ಬಾತ್‌ರೂಮಿಗೆ ಹೋಗೋಕೂ ಹಿಮ್ಮಡಿ ಹಿಂದೆ, ಅಕಿಲಿಸ್ ಸ್ನಾಯುರಜ್ಜು ಇರೋ ಜಾಗದಲ್ಲಿ ಚುಚ್ಚುವ ನೋವು. ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಇತ್ತೀಚೆಗೆ ಏನು ಬದಲಾಯ್ತು?" ಫೋನ್ ತೆಗೆದು ರನ್ನಿಂಗ್ ಆ್ಯಪ್ ತೋರಿಸಿದೆ. ಅದನ್ನ ನೋಡಿ ಅವರು ಹೇಳಿದ ಮಾತು ನನಗೆ ಪಾಠ. "ಶೂ ಒಂದನ್ನೇ ಬೈಬೇಡಿ. ನಿಮ್ಮ ಈಸಿ ರನ್ ಕಿಲೋಮೀಟರಿಗೆ 30 ಸೆಕೆಂಡ್ ಫಾಸ್ಟ್ ಆಗಿದೆ. ಈ ಐದು ವಾರದಲ್ಲಿ ಒಂದು ದಿನವೂ ನೀವು ನಿಧಾನವಾಗಿ ಓಡೇ ಇಲ್ಲ."

ಆ ರೇಸಿನ ದಿನ ನಾನು ಓಡಲಿಲ್ಲ. ಸ್ನೇಹಿತರ ಬ್ಯಾಗ್ ಹಿಡ್ಕೊಂಡು ರಸ್ತೆ ಬದಿ ನಿಂತಿದ್ದೆ. ಹೊಸ ಶೂ ಮನೇಲಿತ್ತು.

ಈ ಶೂ ಒಳಗೆ ಅಂಥದ್ದೇನಿದೆ?

2017ರಲ್ಲಿ ನೈಕಿ ಕಂಪನಿ ವೇಪರ್‌ಫ್ಲೈ 4% ಅನ್ನೋ ಶೂ ಬಿಟ್ಟಿತು. ಅದೇ ವರ್ಷ ಮೇ ತಿಂಗಳಲ್ಲಿ ಇಟಲಿಯ ಮೊಂಜಾ ರೇಸ್‌ಟ್ರ್ಯಾಕ್‌ನಲ್ಲಿ ಕೀನ್ಯಾದ ಎಲಿಯುಡ್ ಕಿಪ್‌ಚೋಗೆ ಮ್ಯಾರಥಾನ್ ದೂರವನ್ನು 2 ಗಂಟೆ 25 ಸೆಕೆಂಡಿನಲ್ಲಿ ಓಡಿದರು. 2019ರ ಅಕ್ಟೋಬರ್ 12ರಂದು ವಿಯೆನ್ನಾದಲ್ಲಿ 1 ಗಂಟೆ 59 ನಿಮಿಷ 40 ಸೆಕೆಂಡ್. ವಿಶೇಷ ವ್ಯವಸ್ಥೆಯಲ್ಲಿ ನಡೆದ ಓಟಗಳಾದ್ದರಿಂದ ಎರಡೂ ಅಧಿಕೃತ ದಾಖಲೆಯಲ್ಲ. ಆದರೆ ಜಗತ್ತಿನ ಕಣ್ಣೆಲ್ಲ ಅವರ ಕಾಲಿನ ಶೂ ಮೇಲೆ ಬಿತ್ತು.

4% ಅನ್ನೋ ಹೆಸರು ಬಂದಿದ್ದು ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಪ್ರಯೋಗದಿಂದ. ನೈಕಿ ಬೆಂಬಲದಲ್ಲೇ ನಡೆದ ಪ್ರಯೋಗ ಅದು. ಚೆನ್ನಾಗಿ ಪಳಗಿದ 18 ಓಟಗಾರರನ್ನು ಗಂಟೆಗೆ 14, 16, 18 ಕಿ.ಮೀ. ವೇಗದಲ್ಲಿ ಓಡಿಸಿದರು. ಆಗಿನ ಒಳ್ಳೆಯ ರೇಸ್ ಶೂಗಳಿಗಿಂತ ಇದರಲ್ಲಿ ಅದೇ ವೇಗಕ್ಕೆ ಸರಾಸರಿ 4 ಶೇಕಡ ಕಡಿಮೆ ಶಕ್ತಿ ಸಾಕಾಯ್ತು. ಬೈಕಿನ ಮೈಲೇಜ್ ಇದ್ದ ಹಾಗೆ: ಅದೇ ಸ್ಪೀಡು, ಪೆಟ್ರೋಲ್ ಕಮ್ಮಿ. ಓಟದಲ್ಲಿ ಇದಕ್ಕೆ ರನ್ನಿಂಗ್ ಎಕಾನಮಿ ಅಂತಾರೆ.

ಇದು ಪ್ಲೇಟಿನ ಮ್ಯಾಜಿಕ್ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ನಿಜ ಹೇಳಬೇಕಂದ್ರೆ ದೊಡ್ಡ ಕೆಲಸ ಮಾಡೋದು ಫೋಮ್. ಮಾಮೂಲಿ ಶೂಗಳಲ್ಲಿ ಹೆಚ್ಚಾಗಿ ಇರೋದು ಇವಿಎ ಅನ್ನೋ ಫೋಮ್. ಇದರಲ್ಲಿ ಪೀಬಾ ಜಾತಿಯ ಫೋಮ್. ಹಗುರ, ಮೆತ್ತಗೆ, ಜೊತೆಗೆ ಪುಟಿಯೋದೂ ಜಾಸ್ತಿ. ಗಲ್ಲಿ ಕ್ರಿಕೆಟ್ ಆಡಿದೋರಿಗೆ ಹೊಸ ಟೆನಿಸ್ ಬಾಲಿಗೂ ಕೂದಲೆಲ್ಲ ಉದುರಿದ ಹಳೇ ಬಾಲಿಗೂ ಇರೋ ವ್ಯತ್ಯಾಸ ಗೊತ್ತಲ್ಲ, ಹಾಗೆ. ಲೆಕ್ಕದ ಭಾಷೇಲಿ ಹೇಳ್ತೀನಿ. ಆ ಪ್ರಯೋಗದಲ್ಲಿ ಸೋಲ್ ಅನ್ನು ಮೆಷಿನ್ನಲ್ಲಿ ಒತ್ತಿ ಬಿಟ್ಟಾಗ, ಹಾಕಿದ 100 ರೂಪಾಯಿ ಶಕ್ತಿಯಲ್ಲಿ ಈ ಶೂ 87 ರೂಪಾಯಿ ವಾಪಸ್ ಕೊಟ್ಟಿತು. ಹೋಲಿಕೆಗೆ ಇಟ್ಟುಕೊಂಡಿದ್ದ ಇನ್ನೆರಡು ರೇಸ್ ಶೂಗಳು ಕೊಟ್ಟಿದ್ದು ಸುಮಾರು 76 ಮತ್ತು 66.

ಹಾಗಾದ್ರೆ ಪ್ಲೇಟ್ ಯಾಕೆ? ಅಷ್ಟು ಮೆತ್ತಗಿನ, ದಪ್ಪ ಫೋಮಿಗೆ ಒಂದು ಬೆನ್ನೆಲುಬು ಬೇಕು. ಚಮಚದ ಹಾಗೆ ಬಾಗಿದ ಪ್ಲೇಟ್ ಸೋಲಿನ ಆಕಾರ ಹಿಡಿದಿಡುತ್ತೆ, ಕಾಲ್ಬೆರಳ ಬುಡ ಜಾಸ್ತಿ ಮಡಚದ ಹಾಗೆ ನೋಡ್ಕೊಳ್ಳುತ್ತೆ, ಪಾದ ಮುಂದಕ್ಕೆ ಉರುಳೋಕೆ ದಾರಿ ಮಾಡುತ್ತೆ. ಸಂಶೋಧಕರು ವೇಪರ್‌ಫ್ಲೈ ಪ್ಲೇಟಿಗೆ ಅಡ್ಡಡ್ಡ ಆರು ಕಡೆ ಕತ್ತರಿ ಹಾಕಿ, ಅದರ ಬಿಗಿ ತೆಗೆದು ಮತ್ತೆ ಓಡಿಸಿ ನೋಡಿದ್ದಾರೆ. ಶಕ್ತಿಯ ಖರ್ಚಿನಲ್ಲಿ ಬಂದ ವ್ಯತ್ಯಾಸ ಅರ್ಧ ಶೇಕಡದ ಆಸುಪಾಸು ಅಷ್ಟೇ. ಹಾಗಾಗಿ ಡಬ್ಬದ ಮೇಲೆ "ಕಾರ್ಬನ್" ಅಂತ ಇದ್ದ ಮಾತ್ರಕ್ಕೆ ಮೋಸ ಹೋಗಬೇಡಿ. ಏಳು ಪ್ಲೇಟ್ ಶೂಗಳನ್ನು ಸಾದಾ ರೇಸ್ ಶೂ ಜೊತೆ ಹೋಲಿಸಿದ ಇನ್ನೊಂದು ಅಧ್ಯಯನದಲ್ಲಿ ಎರಡು ಶೂಗಳಿಂದ ಹೇಳಿಕೊಳ್ಳೋ ಲಾಭ ಕಾಣಿಸಲೇ ಇಲ್ಲ. ಅವುಗಳಲ್ಲೂ ಪ್ಲೇಟ್ ಇತ್ತು!

ನಮ್ಮ ಸ್ಪೀಡಿಗೆ ಎಷ್ಟು ಲಾಭ?

ಕೊಲೊರಾಡೊ ಪ್ರಯೋಗದ ಅತಿ ನಿಧಾನದ ವೇಗವೇ ಗಂಟೆಗೆ 14 ಕಿ.ಮೀ. ನಮ್ಮ ದಾವಣಗೆರೆ ಹುಡುಗ 2 ಗಂಟೆ 15 ನಿಮಿಷದಲ್ಲಿ ಹಾಫ್ ಮುಗಿಸಬೇಕಂದ್ರೆ ಓಡಬೇಕಾದ್ದು ಗಂಟೆಗೆ ಸುಮಾರು 9.4 ಕಿ.ಮೀ.

ನಿಧಾನದ ವೇಗಕ್ಕೂ ಒಂದು ಅಧ್ಯಯನ ಆಗಿದೆ, 2023ರಲ್ಲಿ ಪ್ರಕಟವಾಯ್ತು. ವೇಪರ್‌ಫ್ಲೈ ಶೂನ ಮುಂದಿನ ಆವೃತ್ತಿಯಲ್ಲಿ ಗಂಟೆಗೆ 12 ಕಿ.ಮೀ. ವೇಗದಲ್ಲಿ ಸರಾಸರಿ ಉಳಿತಾಯ 1.4 ಶೇಕಡ, 10 ಕಿ.ಮೀ. ವೇಗದಲ್ಲಿ 0.9 ಶೇಕಡ. ಅದೂ ಸರಾಸರಿ. ಕೆಲವರಿಗೆ ಜಾಸ್ತಿ ಸಿಕ್ಕಿತು, ಕೆಲವರಿಗೆ ಉಲ್ಟಾ ನಷ್ಟವೇ ಆಯ್ತು. ಕೀನ್ಯಾದ ವಿಶ್ವದರ್ಜೆಯ ಏಳು ಓಟಗಾರರ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಂತೂ ಸಾದಾ ಶೂಗೆ ಹೋಲಿಸಿದರೆ ಒಬ್ಬರಿಗೆ 11 ಶೇಕಡಕ್ಕೂ ಹೆಚ್ಚು ಲಾಭ, ಇನ್ನೊಬ್ಬರಿಗೆ 11 ಶೇಕಡಕ್ಕೂ ಹೆಚ್ಚು ನಷ್ಟ. ಅಂದ್ರೆ ನಿಮ್ಮ ಸ್ನೇಹಿತನ ಕಾಲಿಗೆ ಹೊಂದಿದ ಶೂ ನಿಮ್ಮ ಕಾಲಿಗೆ ಹೊಂದಲೇಬೇಕು ಅಂತ ಎಲ್ಲೂ ಬರೆದಿಲ್ಲ.

2 ಗಂಟೆ 15 ನಿಮಿಷಕ್ಕೆ 8,100 ಸೆಕೆಂಡ್. ಅದರ 0.9 ಶೇಕಡ ಅಂದ್ರೆ ಸುಮಾರು 73 ಸೆಕೆಂಡ್. ಎಲ್ಲಾ ಸರಿಯಾಗಿ ನಡೆದರೆ ಒಂದು ಕಾಲು ನಿಮಿಷ. ಮೊದಲ ಹಾಫ್ ಮ್ಯಾರಥಾನ್‌ನಲ್ಲಿ ನೀರಿನ ಸ್ಟಾಲ್ ಹತ್ತಿರ ಎರಡು ಸಲ ನಿಂತರೆ ಅಷ್ಟು ಹೋಗುತ್ತೆ. ನಾಲ್ಕು ತಿಂಗಳು ಗಾಯ ಮಾಡ್ಕೊಳ್ಳದೆ ಓಡಿದರೆ ಹತ್ತು ನಿಮಿಷ ಕಮ್ಮಿ ಮಾಡ್ಕೊಂಡ ಹೊಸಬರನ್ನ ನಾನೇ ನೋಡಿದೀನಿ.

ಈಗ ಬಿ.ಕಾಂ. ಲೆಕ್ಕ

ಶೂ ಒಂದು ಆಸ್ತಿ ಅಂದ್ಕೊಳ್ಳಿ. ಓಡಿದಷ್ಟೂ ಸವೆಯುತ್ತೆ, ಬೆಲೆ ಇಳಿಯುತ್ತೆ. ಕಾಲೇಜಲ್ಲಿ ಡಿಪ್ರಿಸಿಯೇಷನ್ ಅಂತ ಓದಿದ್ವಲ್ಲ, ಅದೇ. ಆದ್ದರಿಂದ ಅಂಗಡಿಯಲ್ಲಿ ಹಾಕಿರೋ ಬೆಲೆ ನೋಡೋ ಬದಲು ಕಿಲೋಮೀಟರಿಗೆ ಎಷ್ಟು ಬೀಳುತ್ತೆ ನೋಡೋಣ.

22 ಸಾವಿರದ ರೇಸ್ ಶೂ ತನ್ನ ಪುಟಿತ ಉಳಿಸಿಕೊಂಡು 300 ಕಿ.ಮೀ. ಬಂತು ಅಂತ ಇಟ್ಕೊಳ್ಳೋಣ. ಕಿಲೋಮೀಟರಿಗೆ 73 ರೂಪಾಯಿ. 8 ಸಾವಿರದ ದಿನಬಳಕೆ ರನ್ನಿಂಗ್ ಶೂ 600 ಕಿ.ಮೀ. ಬಂತು ಅಂದ್ರೆ 13 ರೂಪಾಯಿ ಚಿಲ್ಲರೆ. ಈಗ ನಾಲ್ಕು ತಿಂಗಳ ತಯಾರಿ: ವಾರಕ್ಕೆ 30 ಕಿ.ಮೀ. ಲೆಕ್ಕದಲ್ಲಿ 16 ವಾರಕ್ಕೆ 480 ಕಿ.ಮೀ. ರೇಸ್ ಶೂನಲ್ಲೇ ಎಲ್ಲಾ ಓಡಿದರೆ ಹತ್ತನೇ ವಾರಕ್ಕೇ ಅದರ ಕಥೆ ಮುಗೀತು. ಸ್ಪೇನಿನ ಸಂಶೋಧಕರು ಪೀಬಾ ಮತ್ತು ಇವಿಎ ಫೋಮಿನ ಶೂಗಳನ್ನು ಹೊಸದಿದ್ದಾಗಲೂ, 450 ಕಿ.ಮೀ. ಓಡಿದ ಮೇಲೂ ಹೋಲಿಸಿದ್ದಾರೆ. ಹೊಸದಿದ್ದಾಗ ಪೀಬಾ ಮುಂದಿತ್ತು. 450 ಕಿ.ಮೀ. ಆದ ಮೇಲೆ ಆ ಮುನ್ನಡೆ ಉಳಿದಿರಲಿಲ್ಲ.

ಇಲ್ಲೇ ಇರೋದು ನೋಡಿ ವಿಷಯ. ಪ್ರಾಕ್ಟೀಸಿಗೂ ಅದೇ, ರೇಸಿಗೂ ಅದೇ ಅಂದ್ರೆ ಉಳಿತಾಯ ಅನ್ಸುತ್ತೆ. ಆದರೆ ಯಾವ ದಿನಕ್ಕೋಸ್ಕರ 22 ಸಾವಿರ ಕೊಟ್ಟಿದ್ದೋ ಆ ದಿನ ಕಾಲಲ್ಲಿ ಇರೋದು ಸತ್ತ ಫೋಮ್. ಇಎಂಐ ಮಾತ್ರ ಇನ್ನೂ ಎರಡು ತಿಂಗಳು ಬಾಕಿ.

ಕಂಪನಿಗಳೂ ಇದನ್ನ ಮುಚ್ಚಿಟ್ಟಿಲ್ಲ. 2023ರಲ್ಲಿ ಬರ್ಲಿನ್‌ನಲ್ಲಿ ಇಥಿಯೋಪಿಯಾದ ಟಿಗ್ಸ್ಟ್ ಅಸೆಫಾ 2 ಗಂಟೆ 11 ನಿಮಿಷ 53 ಸೆಕೆಂಡಿನಲ್ಲಿ ಓಡಿ ಮಹಿಳೆಯರ ವಿಶ್ವದಾಖಲೆ ಮುರಿದಾಗ ಹಾಕಿದ್ದು ಅಡಿಡಾಸ್‌ನ ಅಡಿಯೋಸ್ ಪ್ರೋ ಇವೊ 1. ತೂಕ 138 ಗ್ರಾಂ, ಬೆಲೆ 500 ಡಾಲರ್. ಒಂದು ಮ್ಯಾರಥಾನ್, ಅದಕ್ಕೆ ಮುಂಚೆ ಕಾಲಿಗೆ ಹೊಂದಿಸಿಕೊಳ್ಳೋಕೆ ಸ್ವಲ್ಪ ಓಟ, ಇಷ್ಟಕ್ಕೇ ಈ ಶೂ ಅಂತ ಕಂಪನಿಯೇ ಹೇಳಿತ್ತು. 42 ಕಿಲೋಮೀಟರಿಗೆ ಭಾಗಿಸಿ ನೋಡಿ: ಆಗಿನ ರೂಪಾಯಿ ಲೆಕ್ಕದಲ್ಲಿ ಕಿಲೋಮೀಟರಿಗೆ ಹತ್ತಿರ ಹತ್ತಿರ ಸಾವಿರ!

ಕಾಲು ಏನು ಹೇಳುತ್ತೆ?

ದುಡ್ಡು ಹೋದರೆ ಮತ್ತೆ ದುಡೀಬಹುದು. ಕಾಲಿನ ಲೆಕ್ಕ ಬೇರೆ. ಪ್ಲೇಟ್ ಇರೋ, ದಪ್ಪ ಸೋಲಿನ ಶೂ ಹಾಕಿದಾಗ ಪಾದ, ಕಣಕಾಲು, ಮೀನಖಂಡ ಕೆಲಸ ಮಾಡೋ ರೀತಿ ಬದಲಾಗುತ್ತೆ. ಒಂದು ಕಡೆ ಭಾರ ಕಮ್ಮಿ ಆದರೆ ಇನ್ನೊಂದು ಕಡೆ ಜಾಸ್ತಿ. 2023ರಲ್ಲಿ ವೈದ್ಯರು, ಕಾರ್ಬನ್ ಪ್ಲೇಟ್ ಶೂ ಬಳಸುತ್ತಿದ್ದ ಐದು ಕ್ರೀಡಾಪಟುಗಳಲ್ಲಿ ನ್ಯಾವಿಕ್ಯುಲರ್ ಮೂಳೆಗೆ ಪೆಟ್ಟಾಗಿದ್ದನ್ನು ವರದಿ ಮಾಡಿದರು. ಪಾದದ ಮೇಲ್ಭಾಗದಲ್ಲಿ, ಕಣಕಾಲಿಗೆ ಸ್ವಲ್ಪ ಮುಂದೆ ಇರೋ ಸಣ್ಣ ಮೂಳೆ ಅದು. ಐದು ಜನರ ಉದಾಹರಣೆಯಿಂದ ಶೂನೇ ಕಾರಣ ಅಂತ ತೀರ್ಮಾನಿಸೋಕೆ ಆಗಲ್ಲ. ಆದರೆ ಏಕಾಏಕಿ ಬದಲಾಯಿಸಬೇಡಿ, ನಿಧಾನವಾಗಿ ಅಭ್ಯಾಸ ಮಾಡ್ಕೊಳ್ಳಿ ಅನ್ನೋ ಅವರ ಸಲಹೆ ನಾವು ಕೇಳಬೇಕಾದ್ದೇ.

ಇನ್ನೊಂದು ಮಾತು. ಈಸಿ ರನ್ ಇರೋದೇ ಈಸಿಯಾಗಿ ಓಡೋಕೆ. ಪಕ್ಕದಲ್ಲಿ ಓಡೋರ ಜೊತೆ ಮಾತಾಡ್ತಾ ಓಡೋ ವೇಗ. ಪುಟಿಯೋ ಶೂ ಆ ವೇಗದಲ್ಲಿ ಇರೋಕೆ ಬಿಡಲ್ಲ. ನನಗೆ ಆಗಿದ್ದು ಇದೇ.

ಹಾಗಾದ್ರೆ ಟ್ರೈನಿಂಗಿಗೆ ಪ್ಲೇಟ್ ಬೇಡವೇ ಬೇಡವಾ?

ಹಾಗೇನಿಲ್ಲ. ಕಂಪನಿಗಳು ಈಗ ಅಣ್ಣ-ತಮ್ಮನ ಹಾಗೆ ಎರಡೆರಡು ಶೂ ಮಾಡ್ತವೆ, ಒಂದು ರೇಸಿಗೆ, ಒಂದು ಪ್ರಾಕ್ಟೀಸಿಗೆ. ಸಾಕೊನಿಯಲ್ಲಿ ಎಂಡಾರ್ಫಿನ್ ಪ್ರೋಗೆ ಕಾರ್ಬನ್ ಪ್ಲೇಟ್, ಎಂಡಾರ್ಫಿನ್ ಸ್ಪೀಡ್‌ಗೆ ನೈಲಾನ್ ಪ್ಲೇಟ್. ನೈಲಾನ್ ಅಷ್ಟು ಬಿಗಿ ಇರಲ್ಲ, ಬಾಗುತ್ತೆ. ಅಡಿಡಾಸ್‌ನಲ್ಲಿ ಅಡಿಯೋಸ್ ಪ್ರೋ ರೇಸಿಗೆ. ಬೋಸ್ಟನ್ ಪ್ರಾಕ್ಟೀಸಿಗೆ, ಅದರಲ್ಲಿ ಕಾರ್ಬನ್ ಬದಲು ಗ್ಲಾಸ್ ಫೈಬರ್ ಕಡ್ಡಿಗಳು, ಕೆಳಗಡೆ ಸ್ವಲ್ಪ ಗಟ್ಟಿ ಫೋಮ್. ಪ್ಯೂಮಾದ ಡೀವಿಯೇಟ್ ನೈಟ್ರೋನಲ್ಲಿ ಕಾರ್ಬನ್ ಪ್ಲೇಟ್ ಇದ್ದರೂ ಅದು ಟ್ರೈನಿಂಗ್ ಶೂನೇ. ಪ್ಲೇಟೇ ಇಲ್ಲದೆ ರೇಸ್ ಫೋಮ್ ಮಾತ್ರ ಇರೋದೂ ಇವೆ, ಅಡಿಡಾಸ್‌ನ ಇವೊ ಎಸ್‌ಎಲ್ ಥರ. ಮೇಲೆ ಹೇಳಿದ ಕತ್ತರಿ ಪ್ರಯೋಗ ನೆನಪಿಸ್ಕೊಳ್ಳಿ, ಈ ಶೂ ಯಾಕೆ ಚೆನ್ನಾಗಿ ಓಡುತ್ತೆ ಅಂತ ಗೊತ್ತಾಗುತ್ತೆ.

ವಾರಕ್ಕೆ ನಾಲ್ಕು ದಿನ ಓಡೋರು ಹೀಗೆ ಹಂಚ್ಕೊಳ್ಳಿ. ಎರಡು ಈಸಿ ರನ್ನಿಗೆ ಪ್ಲೇಟ್ ಇಲ್ಲದ ಮಾಮೂಲಿ ಶೂ. ಇಂಟರ್ವಲ್ ಅಥವಾ ಟೆಂಪೊ ದಿನ ಈ "ತಮ್ಮ" ಶೂ. ಲಾಂಗ್ ರನ್ನಿಗೆ ಎರಡರಲ್ಲಿ ಯಾವುದು ಹಿತವೋ ಅದು. ರೇಸ್ ಶೂ ರೇಸಿಗೆ, ಮತ್ತು ಅದಕ್ಕೆ ಮುಂಚಿನ ಎರಡು-ಮೂರು ರಿಹರ್ಸಲ್‌ಗೆ ಮಾತ್ರ.

ರೇಸ್ ಶೂ ತಗೊಳ್ಳೋದೇ ಆದ್ರೆ

ಮೊದಲನೇದು ಅಳತೆ. ಸಂಜೆ ಹೊತ್ತು ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತೆ. ಓಡುವಾಗ ಹಾಕೋ ಸಾಕ್ಸ್ ಹಾಕ್ಕೊಂಡೇ ನೋಡಿ. ಬೆರಳ ಮುಂದೆ ಹೆಬ್ಬೆರಳಿನಗಲ ಜಾಗ ಇರಲಿ. ರೇಸ್ ಶೂಗಳು ಸಾಮಾನ್ಯವಾಗಿ ಕಿರಿದು, ನಮ್ಮಲ್ಲಿ ತುಂಬಾ ಜನರ ಪಾದ ಮುಂದೆ ಅಗಲ. ಅಂಗಡಿಯಲ್ಲಿ ಕಚ್ಚಿದರೆ 15ನೇ ಕಿಲೋಮೀಟರಲ್ಲಿ ಗುಳ್ಳೆ ಗ್ಯಾರಂಟಿ.

ಎರಡನೇದು ಸ್ಥಿರತೆ. ಇದನ್ನ ಜನ ಮರೀತಾರೆ. ಒಂದೇ ಕಾಲಲ್ಲಿ ನಿಂತು ನೋಡಿ, ಎಂಟು ಬರೆದ ಹಾಗೆ ಸುತ್ತು ಹಾಕಿ. ಕಣಕಾಲು ಒಳಗೆ-ಹೊರಗೆ ವಾಲಿದರೆ ಆ ಶೂ ಎಷ್ಟೇ ಫಾಸ್ಟ್ ಇದ್ದರೂ ನಿಮಗಲ್ಲ. ನಮ್ಮ ರಸ್ತೆಗಳಲ್ಲಿ ಹಂಪ್ ಇವೆ, ಮ್ಯಾನ್‌ಹೋಲ್ ಮುಚ್ಚಳ ಇವೆ, ಯು-ಟರ್ನ್ ಇವೆ. ಮೊಂಜಾ ಟ್ರ್ಯಾಕ್ ಅಲ್ಲ ಇದು.

ಮೂರನೇದು ಓಡೋ ಶೈಲಿ ಮತ್ತು ದೂರ. ವೇಗ ಹೆಚ್ಚಿಸುವಾಗ ಹೆಜ್ಜೆ ಉದ್ದ ಮಾಡೋರು ಒಂದು ಥರ, ಹೆಜ್ಜೆ ಚಿಕ್ಕದಿಟ್ಟು ಬೇಗಬೇಗ ಹಾಕೋರು ಇನ್ನೊಂದು ಥರ. ಏಸಿಕ್ಸ್ ಕಂಪನಿ ಮೆಟಾಸ್ಪೀಡ್‌ನಲ್ಲಿ ಸ್ಕೈ ಮೊದಲನೆಯವರಿಗೆ, ಎಡ್ಜ್ ಎರಡನೆಯವರಿಗೆ ಅಂತ ಬೇರೆ ಬೇರೆ ಮಾಡಿದೆ. 5, 10 ಕಿ.ಮೀ. ಓಟಕ್ಕೆ ಹಗುರ, ಸ್ವಲ್ಪ ಗಟ್ಟಿ ಇರೋದು ಸಾಕು. ಹಾಫ್, ಫುಲ್ ಮ್ಯಾರಥಾನ್‌ಗೆ ಫೋಮ್ ಜಾಸ್ತಿ ಇದ್ದರೆ ಕೊನೆಯ ಕಿಲೋಮೀಟರುಗಳಲ್ಲಿ ಕಾಲು ಥ್ಯಾಂಕ್ಸ್ ಹೇಳುತ್ತೆ.

ಇನ್ನು ರೂಲ್ಸ್. ವರ್ಲ್ಡ್ ಅಥ್ಲೆಟಿಕ್ಸ್ 2020ರಲ್ಲಿ ಮಾಡಿದ ನಿಯಮದ ಪ್ರಕಾರ ರಸ್ತೆ ಓಟದಲ್ಲಿ ಸೋಲ್ ದಪ್ಪ 40 ಮಿ.ಮೀ. ಮೀರಬಾರದು, ಒಂದಕ್ಕಿಂತ ಹೆಚ್ಚು ಪ್ಲೇಟ್ ಇರಬಾರದು. ಪದಕಕ್ಕೆ ಓಡೋರು ಇದನ್ನ ನೋಡ್ಕೋಬೇಕು. ಹಿಂದೆ ಓಡೋ ನಮ್ಮನ್ನ ಯಾರೂ ಟೇಪ್ ಹಿಡಿದು ಅಳೆಯಲ್ಲ.

ತಂದ ಮೇಲೆ ನೇರ ರೇಸಿಗೆ ಹಾಕಬೇಡಿ. ರೇಸಿಗೆ ಮೂರು-ನಾಲ್ಕು ವಾರ ಮುಂಚೆ ಒಂದು ದಿನ 5 ಕಿ.ಮೀ., ಅದರಲ್ಲಿ ಕೆಲವು ಸಣ್ಣ ವೇಗದ ಓಟ. ಮುಂದಿನ ವಾರ 8 ಕಿ.ಮೀ. ಟೆಂಪೊ. ಆಮೇಲೆ ಒಂದು ಲಾಂಗ್ ರನ್, ಕೊನೆಯ 5-6 ಕಿ.ಮೀ. ರೇಸಿನ ವೇಗದಲ್ಲಿ. ನಡುವಿನ ದಿನಗಳಲ್ಲಿ ಹಳೇ ಶೂನೇ. ಮಾರನೇ ದಿನ ಮೀನಖಂಡ ಸ್ವಲ್ಪ ಹಿಡ್ಕೊಂಡರೆ ಪರವಾಗಿಲ್ಲ. ಪಾದದ ಮೇಲೆ ಒಂದೇ ಜಾಗದಲ್ಲಿ, ಬೆರಳಿಟ್ಟು ತೋರಿಸೋ ಹಾಗೆ ನೋವು ಬಂದರೆ ಓಟ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.

ಕೊನೆಗೆ, ದಾವಣಗೆರೆಗೆ ಉತ್ತರ

ತಮ್ಮಾ, ಜಿಮ್ ಶೂ ಬಿಟ್ಟುಬಿಡು, ಅದರಲ್ಲಿ ಓಡಬೇಡ. 7-8 ಸಾವಿರಕ್ಕೆ ಕಾಲಿಗೆ ಹೊಂದೋ ಒಂದು ಮಾಮೂಲಿ ರನ್ನಿಂಗ್ ಶೂ ತಗೋ, ಇಎಂಐ ಇಲ್ಲದೆ. ಕಂಪನಿಗಳು ಹೊಸ ಮಾಡೆಲ್ ಬಿಟ್ಟಾಗ ಹಿಂದಿನ ವರ್ಷದ್ದರ ಬೆಲೆ ಇಳಿಯುತ್ತೆ, ಅದನ್ನೇ ನೋಡು. ನಾಲ್ಕು ತಿಂಗಳು ಅದರಲ್ಲೇ ಓಡು. ರೇಸೂ ಅದರಲ್ಲೇ ಮುಗಿಸು. ಆಮೇಲೆ ಎರಡು ಗಂಟೆ ಒಳಗೆ ಬರಬೇಕು ಅಂತ ಆಸೆ ಹುಟ್ಟುತ್ತೆ, ಎಲ್ಲರಿಗೂ ಹುಟ್ಟುತ್ತೆ. ಆಗ ಕಾಲೂ ಗಟ್ಟಿಯಾಗಿರುತ್ತೆ, ಕೈಯಲ್ಲಿ ಒಂದಿಷ್ಟು ಉಳಿತಾಯನೂ ಇರುತ್ತೆ. ಆವಾಗ ರೇಸ್ ಶೂ ಬಗ್ಗೆ ಮಾತಾಡೋಣ.

ನನ್ನ ಆ ಕಾರ್ಬನ್ ಶೂ ಈಗಲೂ ಇದೆ. ವರ್ಷಕ್ಕೆ ಮೂರೋ ನಾಲ್ಕೋ ಸಲ ಕಪಾಟಿಂದ ಹೊರಗೆ ಬರುತ್ತೆ. ಹಾಕಿದ ದಿನ ಮೊದಲ ದಿನದ ಅದೇ ಖುಷಿ ಸಿಗುತ್ತೆ. ದಿನಾ ಹಾಕ್ತಿದ್ದಾಗ ಮೂರನೇ ವಾರಕ್ಕೇ ಆ ಖುಷಿ ಹೋಗಿತ್ತು.

ನಿಮ್ಮ ಶೂ ಕಥೆ ಇದ್ದರೆ ವಾಯ್ಸ್ ನೋಟ್ ಕಳಿಸಿ. ಓಡೋ ಸ್ನೇಹಿತರಿಗೆ, ಮುಖ್ಯವಾಗಿ ಇಎಂಐ ಬಟನ್ ಒತ್ತೋಕೆ ರೆಡಿ ಇರೋರಿಗೆ, ಈ ಎಪಿಸೋಡ್ ಕಳಿಸಿ. ಮುಂದಿನ ವಾರ ಸಿಗೋಣ. ನಿಧಾನವಾಗಿ ಓಡಿ, ನಮಸ್ಕಾರ.